ವಾತಾಪಿಯನ್ನು ಅರಗಿಸಿಕೊಂಡವರು

ಐಸ್ ಪ್ಯಾಕನ್ನು ಕಿವಿಗೆ ಹಿಡಿದು ಅಲ್ಲಾಡಿಸಿದರು. ಸದ್ದಿಲ್ಲ.

ಮತ್ತೆ ಅಲ್ಲಾಡಿಸಿದರು. ಕಲ್ಲು! ರಾತ್ರಿಯಿಡೀ ಡೀಪ್ ಫ್ರೀಜರಿನಲ್ಲಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ಮಲಗಿದ್ದ ನೀರು ಇನ್ನೂ ಮಿಸುಕಿಲ್ಲ. ಹೊರಗೆ ಹುನಗುಂದದ ಏಪ್ರಿಲ್ ಬಿಸಿಲು ಆಗಲೇ ಗೋಡೆ ಹತ್ತಿದೆ. ಬೈಕು ಸ್ಟಾರ್ಟ್ ಆಗಿ ನಿಂತಿದೆ. ಆದರೂ ಹೊರಡುವಂತಿಲ್ಲ.

ಪ್ಯಾಕಿನೊಳಗಿನ ನೀರು ‘ಗುಳಕ್’ ಅನ್ನಬೇಕು. ಅನ್ನುವ ಮೊದಲೇ ಪೆಟ್ಟಿಗೆಗೆ ಇಳಿಸಿದಿರೋ, ಪೆಂಟಾವೇಲೆಂಟ್ ಲಸಿಕೆ ಹೆಪ್ಪುಗಟ್ಟಿತು, ಸತ್ತಿತು. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯುಗಳ ಎದುರು ಎತ್ತಿದ ಗುರಾಣಿ ಬಾಟಲಿಯೊಳಗೇ ಒಡೆಯಿತು. ಕಾಯುತ್ತ ಕೂತಿರೋ, ಬಿಸಿಲೇರಿತು. ಪಕ್ಕದ ಬಾಟಲಿಯ ದಡಾರ–ರುಬೆಲ್ಲಾ ಲಸಿಕೆ ಕಾವಿಗೆ ಬಾಡಿತು. ಒಂದಕ್ಕೆ ಚಳಿ ಶತ್ರು, ಇನ್ನೊಂದಕ್ಕೆ ಬಿಸಿಲು ಶತ್ರು. ಎರಡೂ ಒಂದೇ ಪೆಟ್ಟಿಗೆಯಲ್ಲಿ ಹೋಗಬೇಕು. 2 ಡಿಗ್ರಿಯಿಂದ 8 ಡಿಗ್ರಿ: ನಡುವೆ ಇರುವುದು ಆರೇ ಡಿಗ್ರಿ ಅಗಲದ ಕಾಲುದಾರಿ.

ಮೂರನೇ ಸಲ ಅಲ್ಲಾಡಿಸಿದರು. ಕಣ್ಣು ಮುಚ್ಚಿ ಆಲಿಸಿದರು.

ಗುಳಕ್.

“ಹೊಂಡ್ರಪಾ!” ಅಂದರು ನರ್ಸಬಾಯಿ. ನಾಲ್ಕು ಐಸ್ ಪ್ಯಾಕು ಪೆಟ್ಟಿಗೆಯ ನಾಲ್ಕು ಗೋಡೆಗೆ ಆತವು. ನಡುವೆ ಪ್ಲಾಸ್ಟಿಕ್ ಚೀಲದಲ್ಲಿ ಬಾಟಲಿಗಳು. ಮುಚ್ಚಳ ಬಿಗಿಯಿತು. ಬೈಕು ಹಾರಿತು.

ಆಕೆಯ ಹೆಸರು ಇಲ್ಲಿ ಬೇಡ. ಕರ್ನಾಟಕದಲ್ಲಿ ಗುರುವಾರವೆಂದರೆ ಚುಚ್ಚುಮದ್ದಿನ ದಿನ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸೀಮೆಯಲ್ಲಿ ಆ ದಿನ ಇಂಥ ಪೆಟ್ಟಿಗೆಗಳು ಹೊಲದ ದಾರಿ, ಹಳ್ಳದ ದಂಡೆ ಹಿಡಿದು ಓಡುತ್ತವೆ. ಆ ಎಲ್ಲ ಗುರುವಾರಗಳನ್ನು ಹುರಿಗೊಳಿಸಿ ಒಂದು ಎಳೆ ಮಾಡಿ ಹೇಳುತ್ತಿದ್ದೇನೆ. ಈ ಎಳೆಗೆ ಎರಡು ಗಡಿಯಾರ ಕಟ್ಟಿವೆ. ಒಂದು ಪೆಟ್ಟಿಗೆಯ ಮೇಲೆ, ತಾಸುಗಳ ಲೆಕ್ಕದ್ದು. ಇನ್ನೊಂದು ಕೂಸಿನ ಮೈಯೊಳಗೆ, ದಿನಗಳ ಲೆಕ್ಕದ್ದು.

ಎರಡರಲ್ಲಿ ಯಾವುದು ತಪ್ಪಿದರೂ ವಾತಾಪಿ ಗೆಲ್ಲುತ್ತಾನೆ.

ವಾತಾಪಿ ಬಾದಾಮಿಯವರಿಗೆ ಹೊಸಬನಲ್ಲ. ಊರಿಗೆ ಅವನದೇ ಹೆಸರಿತ್ತು. ಅಣ್ಣ ಇಲ್ವಲ, ತಮ್ಮ ವಾತಾಪಿ. ತಮ್ಮ ಟಗರಾಗುತ್ತಾನೆ. ಅಣ್ಣ ಕಡಿದು ಅಡುಗೆ ಮಾಡಿ ಅತಿಥಿಗೆ ಬಡಿಸುತ್ತಾನೆ. ಅತಿಥಿ ಕೈ ತೊಳೆಯುವ ಹೊತ್ತಿಗೆ ಕೂಗುತ್ತಾನೆ: ವಾತಾಪಿ, ಹೊರಗೆ ಬಾ! ಹೊಟ್ಟೆ ಸೀಳಿಕೊಂಡು ತಮ್ಮ ಹೊರಬರುತ್ತಾನೆ.

ವೈರಾಣುವಿನ ಕಸುಬೂ ಇದೇ. ವೇಷ ಹಾಕು, ಒಳಗೆ ಹೋಗು, ಮನೆಯೊಡೆಯನ ಅಡುಗೆಮನೆಯಲ್ಲೇ ನೂರಾಗು, ಸಾವಿರವಾಗು, ಸೀಳಿಕೊಂಡು ಬಾ. ದಡಾರದ ವೈರಾಣುವಂತೂ ಆ ಕುಲದ ಪಳಗಿದ ಪಟು. ಉಸಿರಿನಲ್ಲಿ ಹೊಕ್ಕು ಅದು ಮೊದಲು ಹುಡುಕುವುದೇ ನಮ್ಮ ಕಾವಲುಗಾರರನ್ನು. ಕಂಡದ್ದನ್ನೆಲ್ಲ ನುಂಗುವ ಭಕ್ಷಕ ಕೋಶ, ಶ್ವಾಸಕೋಶದ ಗಸ್ತು ತಿರುಗುವ ಡೆಂಡ್ರಿಟಿಕ್ ಕೋಶ: ಇವುಗಳ ಹೊಟ್ಟೆಯನ್ನೇ ಅದು ಸೇರುತ್ತದೆ. ಕಾವಲುಗಾರ ತನ್ನ ಕಾಲ ಮೇಲೆ ಶತ್ರುವನ್ನು ಕೋಟೆಯೊಳಕ್ಕೆ ಒಯ್ಯುತ್ತಾನೆ.

ಕೋಟೆಯ ನಟ್ಟನಡುವೆ ಕೂಗು ಏಳುತ್ತದೆ: ಹೊರಗೆ ಬಾ!

* * *

ಬೈಕು ರಾಷ್ಟ್ರೀಯ ಹೆದ್ದಾರಿ 50ಕ್ಕೆ ಏರಿತು. ಎದುರು ಕೆಂಪು ಗ್ರಾನೈಟಿನ ದಿಮ್ಮಿ ಹೊತ್ತ ಲಾರಿ. ಹಿಂದೆ ಇನ್ನೊಂದು. ಧೂಳು ಕವಿಯಿತು. ಬೈಕು ಓಡಿಸುತ್ತಿದ್ದ ಹುಡುಗ ಎಡಕ್ಕೆ ಹೊರಳಿಸಿದ, ತಪ್ಪಿಸಿದ, ಮುನ್ನುಗ್ಗಿದ. ಪೆಟ್ಟಿಗೆ ಅವನ ಬೆನ್ನಿಗೂ ನರ್ಸಬಾಯಿಯ ಹೊಟ್ಟೆಗೂ ನಡುವೆ ಸಿಕ್ಕಿಕೊಂಡು ಕುಲುಕಾಡಿತು.

ಈ ಬಾಟಲಿ ಬಂದ ದಾರಿ ಎಣಿಸಿ. ಬೆಳಗಾವಿಯ ಪ್ರಾದೇಶಿಕ ಉಗ್ರಾಣ. ಅಲ್ಲಿಂದ ಸುಮಾರು 140 ಕಿಲೋಮೀಟರು ಶೀತಲ ವಾಹನದಲ್ಲಿ ಬಾಗಲಕೋಟೆಯ ಜಿಲ್ಲಾ ಉಗ್ರಾಣ. ಅಲ್ಲಿಂದ ಐವತ್ತು ಕಿಲೋಮೀಟರಿನಾಚೆ ಹುನಗುಂದದ ಕಡೆಯ ಪ್ರಾಥಮಿಕ ಆರೋಗ್ಯ ಕೇಂದ್ರ. ಅಲ್ಲಿ ಗೋಡೆಗಳೊಳಗೆ ಹಿಮ ಹೊದ್ದ ವಿಶೇಷ ಫ್ರಿಜ್ಜು. ದಿನಕ್ಕೆ ಎಂಟೇ ತಾಸು ಕರೆಂಟು ಬಂದರೂ ತಣ್ಣಗಿರುವ ಗಟ್ಟಿ ಯಂತ್ರ. ಮುಂಜಾನೆ ಒಮ್ಮೆ, ಸಂಜೆ ಒಮ್ಮೆ ಉಷ್ಣಾಂಶ ನೋಡಿ ಪುಸ್ತಕದಲ್ಲಿ ಬರೆಯುತ್ತಾರೆ. ಭಾನುವಾರ ಕೂಡ ಬರೆಯುತ್ತಾರೆ.

ಈ ಓಟ ಇಂದಿನದಲ್ಲ. ಫ್ರಿಜ್ಜು, ಪೆಟ್ಟಿಗೆ ಇಲ್ಲದ ಕಾಲವನ್ನು ನೆನೆಯಿರಿ. ಸಿಡುಬಿಗೆ ಜೆನ್ನರ್ ಕಂಡುಹಿಡಿದ ಲಸಿಕೆ ಯುರೋಪಿನಿಂದ ಭಾರತಕ್ಕೆ ಬರಬೇಕು. ಹಡಗಿನಲ್ಲಿ ತಿಂಗಳುಗಟ್ಟಲೆ ಪಯಣ. ಬಂದು ಮುಟ್ಟುವಷ್ಟರಲ್ಲಿ ರಸ ಒಣಗಿ ಸತ್ತಿರುತ್ತಿತ್ತು. ಮತ್ತೆ ಕಳಿಸಿದರು, ಮತ್ತೆ ಸತ್ತಿತು. ಕೊನೆಗೆ ವಿಯೆನ್ನಾದ ವೈದ್ಯ ಜೀನ್ ಡಿ ಕಾರೊ ನೆಲದ ದಾರಿ ಹಿಡಿಸಿದ. ರಸ ಬಾಗ್ದಾದ್ ಮುಟ್ಟಿತು. ಅಲ್ಲಿಂದ ತೋಳಿನಿಂದ ತೋಳಿಗೆ! ಒಂದು ಮಗುವಿನ ತೋಳಿನ ಗುಳ್ಳೆಯ ರಸ ಮುಂದಿನ ಮಗುವಿನ ತೋಳಿಗೆ, ಅದು ಪಕ್ವವಾಗುವಷ್ಟರಲ್ಲಿ ಇನ್ನೊಂದಕ್ಕೆ. ಬಸ್ರಾ, ಆಮೇಲೆ ಕಡಲು, ಆಮೇಲೆ ಮುಂಬಯಿ. 1802ರ ಜೂನ್ 14ರಂದು ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹುಡುಗಿಯ ತೋಳಿನಲ್ಲಿ ಲಸಿಕೆ ಕಚ್ಚಿಕೊಂಡಿತು. ಇಡೀ ದೇಶಕ್ಕೆ ಆ ಹೊತ್ತು ಇದ್ದ ಲಸಿಕೆಯ ಉಗ್ರಾಣ ಅದೊಂದೇ ಪುಟ್ಟ ತೋಳು.

ಆ ಗುಳ್ಳೆ ಒಡೆದು ಒಣಗಿದ್ದರೆ ಸರಪಳಿ ಅಲ್ಲೇ ಕಡಿಯುತ್ತಿತ್ತು. ಕಡಿಯಲಿಲ್ಲ. ಮಗುವಿನಿಂದ ಮಗುವಿಗೆ ದಾಟುತ್ತ ದಕ್ಷಿಣಕ್ಕೆ ನಡೆಯಿತು.

ಇನ್ನೂರಿಪ್ಪತ್ತಕ್ಕೂ ಹೆಚ್ಚು ವರ್ಷಗಳ ಮೇಲೆ ಅದೇ ಸರಪಳಿಯ ಕೊನೆಯ ಕೊಂಡಿ ಹುನಗುಂದದಿಂದ ಇಳಕಲ್ಲಿಗೆ ಬೈಕಿನಲ್ಲಿ ಹೊರಟಿದೆ. ಹೆದ್ದಾರಿ ಬಿಟ್ಟು ಎರೆಹೊಲದ ದಾರಿಗೆ ತಿರುಗಿದ್ದೇ ತಡ—

ಟುಸ್ಸ್!

ಹಿಂದಿನ ಗಾಲಿ ಕೂತಿತು. ಜಾಲಿಮುಳ್ಳು.

ಸುತ್ತ ಬಯಲು. ಒಂದೇ ಒಂದು ಬೇವಿನ ಮರ. ನರ್ಸಬಾಯಿ ಪೆಟ್ಟಿಗೆ ಎತ್ತಿ ನೆರಳಿಗೆ ಓಡಿದರು. ಮುಚ್ಚಳ ತೆರೆದು ನೋಡುವ ಆಸೆ ತಡೆದರು, ಒಮ್ಮೆ ತೆರೆದರೆ ಒಮ್ಮೆ ತಣ್ಣಗಿನ ಗಾಳಿ ಹೋಯಿತು. ಹುಡುಗ ಫೋನು ಹಚ್ಚಿದ. ಸಿಗ್ನಲ್ಲಿಲ್ಲ. ಬದುವಿನ ಮೇಲೆ ಏರಿ ನಿಂತು ಹಚ್ಚಿದ. ಹತ್ತು ನಿಮಿಷ. ಇಪ್ಪತ್ತು. ಪೆಟ್ಟಿಗೆಗೆ ಹನ್ನೆರಡು ತಾಸಿನ ತಾಕತ್ತಿದೆ, ಆದರೆ ಕೂಸುಗಳನ್ನು ಹೊತ್ತು ಕಾದು ಕೂತ ತಾಯಂದಿರಿಗೆ ಅಷ್ಟು ತಾಕತ್ತಿಲ್ಲ. ಬಿಸಿಲೇರಿದರೆ ಎದ್ದು ಮನೆಗೆ ಹೋಗುತ್ತಾರೆ. ಹೋದವರು ಮುಂದಿನ ಗುರುವಾರ ಬಂದೇ ಬರುತ್ತಾರೆಂಬ ನೆಚ್ಚಿಗೆಯಿಲ್ಲ.

ಧೂಳೆಬ್ಬಿಸಿಕೊಂಡು ಇನ್ನೊಂದು ಬೈಕು ಬಂತು. ಹತ್ತಿದರು. ಹೊರಟರು.

* * *

ಇಳಕಲ್ಲಿನ ನೇಕಾರರ ಓಣಿ. ಮಗ್ಗದ ಟಕಟಕ. ಅಂಗನವಾಡಿಯ ಕಟ್ಟೆಯ ಮೇಲೆ ಹನ್ನೊಂದು ತಾಯಂದಿರು. ಮೊದಲ ಸಾಲಿನಲ್ಲಿ ಒಂಬತ್ತು ತಿಂಗಳು ತುಂಬಿ ನಾಲ್ಕು ದಿನವಾದ ಒಂದು ಕೂಸು.

ನರ್ಸಬಾಯಿ ಬಾಟಲಿ ಎತ್ತಿ ಬೆಳಕಿಗೆ ಹಿಡಿದರು. ಮೇಲೆ ಒಂದು ಪುಟ್ಟ ವೃತ್ತ, ಅದರೊಳಗೆ ಒಂದು ಚೌಕ. ಬಿಸಿ ತಿಂದಷ್ಟೂ ಚೌಕ ಕಪ್ಪಾಗುತ್ತ ಹೋಗುತ್ತದೆ. ವೃತ್ತದಷ್ಟು ಕಪ್ಪಾದರೆ ಬಾಟಲಿ ಕಸದ ಬುಟ್ಟಿಗೆ. ಬೆಳಗಾವಿಯಿಂದ ಈ ಕಟ್ಟೆಯವರೆಗೆ ತಿಂದ ಪ್ರತಿ ಬಿಸಿಲಿನ ಲೆಕ್ಕ ಆ ಚೌಕದಲ್ಲಿದೆ.

ಚೌಕ ಬಿಳಿ. ಮುಳ್ಳು ಸೋತಿತು.

ಒಣಪುಡಿಗೆ ತಣ್ಣನೆಯ ದ್ರಾವಕ ಇಳಿಯಿತು. ಆ ಕ್ಷಣದಿಂದ ಮೊದಲ ಗಡಿಯಾರದ ಕೊನೆಯ ಸುತ್ತು ಶುರು. ಪೆನ್ನು ತೆಗೆದು ಬಾಟಲಿಯ ಮೇಲೆ ಬರೆದರು: 10-20. ನಾಲ್ಕು ತಾಸು. ಮಧ್ಯಾಹ್ನ 2-20ಕ್ಕೆ ಒಳಗೆ ಎಷ್ಟೇ ಉಳಿದಿರಲಿ, ಬಿಸಾಡಲೇಬೇಕು. ಈ ಲಸಿಕೆಯಲ್ಲಿ ಕ್ರಿಮಿ ತಡೆಯುವ ರಾಸಾಯನಿಕವಿಲ್ಲ. ಕಲಸಿಟ್ಟು ಮರೆತರೆ ಹೊರಗಿನ ಬ್ಯಾಕ್ಟೀರಿಯಾ ಹೊಕ್ಕು ವಿಷ ಉಗುಳುತ್ತದೆ.

ಇದು ಬರಿಯ ಪುಸ್ತಕದ ಎಚ್ಚರಿಕೆಯೆಂದು ಯಾರೂ ತಿಳಿಯಬಾರದು. 2022ರ ಜನವರಿಯಲ್ಲಿ ಬಾದಾಮಿಯ ಮಗ್ಗುಲಲ್ಲೇ ಇರುವ ರಾಮದುರ್ಗ ತಾಲ್ಲೂಕಿನಲ್ಲಿ ಲಸಿಕೆಯ ಬೆನ್ನಿಗೇ ಮೂರು ಹಸುಗೂಸುಗಳು ಅಸುನೀಗಿದವು. ಬಾಟಲಿಗಳನ್ನು ನಿಯಮದಂತೆ ಇಟ್ಟುಕೊಂಡಿರಲಿಲ್ಲ ಎಂದು ಆರಂಭದ ತನಿಖೆಯೇ ಹೇಳಿತು. ಮೂರು ತೊಟ್ಟಿಲು ಬರಿದಾದವು. ಆ ದುಃಖದ ಭಾರವೇ ಇಂದು ಬಾಟಲಿಯ ಮೇಲೆ 10-20 ಎಂದು ಬರೆಸುತ್ತದೆ. ಗಡಿಯಾರವನ್ನು ಗೌರವಿಸಿದ ಕೈ ಮಾತ್ರ ಕೂಸಿನ ತೋಳು ಮುಟ್ಟಬೇಕು.

ಕೂಸಿನ ಆಯಿ, ಅಂದರೆ ಅಜ್ಜಿ, ಅಡ್ಡ ಬಂದರು.

“ಚೆಂದಾಗಿ ಆಡೋ ಕೂಸೈತಿ. ಸೂಜಿ ಮಾಡಿದ್ರ ಜ್ವರ ಬರ್ತಾವಂತ. ಇಲ್ಲದ ಬ್ಯಾನಿ ಯಾಕ ಹಚ್ಚತೀಯವಾ ತಂಗಿ?”

“ಬರಬೌದ್ರಿ ಆಯಿ. ಇವತ್ತಲ್ಲ, ಒಂದ್ ವಾರದ ಮ್ಯಾಲೆ ಬರ್ತಾವ. ಬಂದ್ರ ಹೆದರಬ್ಯಾಡ್ರಿ, ನನಗ ಫೋನ್ ಹಚ್ಚರಿ. ರಾತ್ರಿ ಆದ್ರೂ ಹಚ್ಚರಿ.”

ಆಯಿ ಕೂಸಿನ ಮುಖ ನೋಡಿದರು. ಸೊಸೆಯ ಮುಖ ನೋಡಿದರು. ಸೆರಗು ಬಿಗಿದು ಪಕ್ಕಕ್ಕೆ ಸರಿದರು.

ಬಲತೋಳು. ಚರ್ಮದ ಅಡಿಗೆ. ಅರ್ಧ ಮಿಲಿಲೀಟರು. ಒಮ್ಮೆ ಒತ್ತಿದರೆ ಮತ್ತೆ ಎಳೆಯಲಾಗದಂತೆ ಬೀಗ ಬೀಳುವ ಸಿರಿಂಜು. ಕೂಸು ಓಣಿ ಕಿತ್ತುಹೋಗುವಂತೆ ಚೀರಿತು.

ಎರಡನೇ ಗಡಿಯಾರ ಟಿಕ್ ಎಂದಿತು.

* * *

ಒಳಗೆ ಇಳಿದದ್ದು ಸಾವಿರಕ್ಕೆ ಕಡಿಮೆಯಿಲ್ಲದಷ್ಟು ಜೀವಂತ ವೈರಾಣು. ಹೌದು, ದಡಾರದ್ದೇ. ಆದರೆ ಹಲ್ಲು ಕಿತ್ತ ಹಾವು. 1954ರಲ್ಲಿ ಅಮೆರಿಕದ ಬೋಸ್ಟನ್ ಬಳಿ ಡೇವಿಡ್ ಎಡ್ಮನ್ಸ್ಟನ್ ಎಂಬ ಶಾಲಾ ಹುಡುಗನಿಗೆ ದಡಾರ ಎದ್ದಿತ್ತು. ಥಾಮಸ್ ಪೀಬಲ್ಸ್ ಅವನ ರಕ್ತ ಹಿಡಿದು ಜಾನ್ ಎಂಡರ್ಸ್ ಅವರ ಪ್ರಯೋಗಶಾಲೆಗೆ ಓಡಿದರು. ಅಲ್ಲಿ ವೈರಾಣುವನ್ನು ಬೇರ್ಪಡಿಸಿ, ಕೋಶದಿಂದ ಕೋಶಕ್ಕೆ ಮತ್ತೆ ಮತ್ತೆ ಬೆಳೆಸಿ ಬೆಳೆಸಿ ಅದರ ಕೆಚ್ಚು ಮುರಿದರು. ಮುಖ ಹಾಗೇ ಉಳಿಯಿತು, ಕೊಲ್ಲುವ ಕಸುವು ಹೋಯಿತು. 1963ರಲ್ಲಿ ಲಸಿಕೆಯಾಯಿತು. ಆ ವಂಶದ ಕುಡಿಯೇ ಈಗ ಇಳಕಲ್ಲಿನ ತೋಳಿನಲ್ಲಿ ಹರಡುತ್ತಿದೆ.

ಹರಡುವಷ್ಟರಲ್ಲಿ ಮೊದಲ ಹೊಡೆತ! ಹೊಡೆದದ್ದು ಯಾರು? ಹೆತ್ತವ್ವ. ಗರ್ಭದಲ್ಲಿದ್ದಾಗ ಕರುಳಬಳ್ಳಿಯ ಮೂಲಕ ಆಕೆ ಕೂಸಿಗೆ ತನ್ನ ಪ್ರತಿಕಾಯಗಳ ಬುತ್ತಿ ಕಟ್ಟಿ ಕಳಿಸಿದ್ದಳು. ತಿಂಗಳುಗಟ್ಟಲೆ ಅದೇ ಕೂಸನ್ನು ಕಾದಿತ್ತು. ಒಂಬತ್ತನೇ ತಿಂಗಳಿಗೆ ಬುತ್ತಿ ಹೆಚ್ಚುಕಡಿಮೆ ಖಾಲಿ. ಆದರೂ ತಳದಲ್ಲಿ ಉಳಿದ ತುಣುಕುಗಳು ಲಸಿಕೆಯ ವೈರಾಣುವನ್ನೂ ಶತ್ರುವೆಂದೇ ಬಗೆದು ಹಿಡಿದು ಹಾಕುತ್ತವೆ. ಬೇಗ ಚುಚ್ಚಿದರೆ ತಾಯಿಯ ಕಾವಲೇ ಲಸಿಕೆಯನ್ನು ಕೊಲ್ಲುತ್ತದೆ. ತಡವಾಗಿ ಚುಚ್ಚಿದರೆ ಕಾವಲಿಲ್ಲದ ಬಾಗಿಲಲ್ಲಿ ನಿಜವಾದ ದಡಾರ ನಿಂತಿರುತ್ತದೆ. ಈ ಎರಡರ ನಡುವಿನ ಸೀಳಿಗೆ ಗುರಿಯಿಟ್ಟದ್ದೇ ಒಂಬತ್ತು ತಿಂಗಳು. ಆಗಲೂ ನೂರರಲ್ಲಿ ಸುಮಾರು ಹದಿನೈದು ಕೂಸುಗಳಲ್ಲಿ ಗುರಿ ತಪ್ಪುತ್ತದೆ.

ನಮ್ಮ ಕೂಸಿನಲ್ಲಿ ಕೆಲವು ವೈರಾಣು ಸತ್ತವು. ಕೆಲವು ತಪ್ಪಿಸಿಕೊಂಡವು. ತಪ್ಪಿಸಿಕೊಂಡವು ಒಂದು ಕೋಶ ಹೊಕ್ಕವು.

ಗಂಟೆ ಬಾರಿಸಿತು. ಆ ಕೋಶ ಇಂಟರ್‌ಫೆರಾನ್ ಎಂಬ ಸಂದೇಶ ಚೆಲ್ಲಿತು: ಕಳ್ಳ ಬಂದ, ಬಾಗಿಲು ಹಾಕಿ! ಅಕ್ಕಪಕ್ಕದ ಕೋಶಗಳು ಅಗಳಿ ಜಡಿದವು. ಭಕ್ಷಕ ಕೋಶಗಳು ನುಗ್ಗಿಬಂದವು. ಈ ನುಗ್ಗಾಟ ಮೈಯ ಕಾವಲೆಂದು ಹೊಳೆದದ್ದು 1882ರಲ್ಲಿ. ರಷ್ಯಾದ ಇಲ್ಯಾ ಮೆಚ್ನಿಕಾಫ್ ಸಿಸಿಲಿಯ ಕಡಲ ದಂಡೆಯಲ್ಲಿ ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಗುಲಾಬಿಯ ಮುಳ್ಳು ಚುಚ್ಚಿದ. ರಾತ್ರಿಯೆಲ್ಲ ನಿದ್ದೆಗೆಟ್ಟ. ಬೆಳಗ್ಗೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ. ಮುಳ್ಳಿನ ಸುತ್ತ ಕೋಶಗಳ ದಂಡು ಮುತ್ತಿತ್ತು! ನಮ್ಮ ಎರೆಹೊಲದಲ್ಲಿ ಜಾಲಿಮುಳ್ಳು ನಟ್ಟ ಅಂಗಾಲು ಕೆಂಪಾಗಿ ಊದುತ್ತದಲ್ಲ, ಒಳಗೆ ನಡೆಯುವುದು ಅದೇ ಯುದ್ಧ.

ಆದರೆ ಈ ದಂಡಿಗೆ ಒಂದು ಕುಂದಿದೆ. ಬಂದವನನ್ನು ಬಡಿಯುತ್ತದೆ, ಮುಖ ನೆನಪಿಡುವುದಿಲ್ಲ. ಮುಖ ನೆನಪಿಡುವವರು ಬೇರೆ. ಅವರು ದೂರ ಕಂಕುಳಲ್ಲಿದ್ದಾರೆ, ನಿದ್ದೆಯಲ್ಲಿದ್ದಾರೆ.

ಅವರನ್ನು ಎಬ್ಬಿಸಬೇಕು. ಎಬ್ಬಿಸುವವರು ಯಾರು?

ಡೆಂಡ್ರಿಟಿಕ್ ಕೋಶ. ಮರದ ಟೊಂಗೆಯಂತೆ ಹತ್ತಾರು ಕೈ ಚಾಚಿದ ಹರಿಕಾರ. ವೈರಾಣುವಿನ ಚೂರುಗಳನ್ನು ಮೈಮೇಲೆ ಬಾವುಟದಂತೆ ಸಿಕ್ಕಿಸಿಕೊಂಡು ದುಗ್ಧನಾಳಕ್ಕೆ ಧುಮುಕಿತು. ತೋಳಿನಿಂದ ಕಂಕುಳಿನ ದುಗ್ಧಗ್ರಂಥಿಗೆ ಕೆಲವೇ ಅಂಗುಲ. ಕಣ್ಣಿಗೆ ಕಾಣದ ಅದಕ್ಕೆ ಅದು ಒಂದು ಹಗಲು, ಒಂದು ರಾತ್ರಿಯ ಪಯಣ.

ಮುಟ್ಟಿತು. ಅಲ್ಲಿ ಲಕ್ಷಗಟ್ಟಲೆ ಟಿ ಕೋಶಗಳು ಹರಿದಾಡುತ್ತಿವೆ. ಒಂದೊಂದಕ್ಕೂ ಒಂದೊಂದೇ ಆಕಾರದ ಕೈ. ಹುಟ್ಟುವಾಗಲೇ ಜೀನುಗಳ ತುಂಡುಗಳನ್ನು ಇಸ್ಪೀಟಿನೆಲೆಯಂತೆ ಕಲೆಸಿ ಆ ಕೈಗಳನ್ನು ಮಾಡಲಾಗಿದೆ. ಪ್ರತಿಕಾಯಗಳ ಆಕಾರಕ್ಕೂ ಇದೇ ಕಲೆಸಾಟವೇ ಮೂಲ. ಆ ಗುಟ್ಟು ಬಿಡಿಸಿದ ಸುಸುಮು ಟೊನೆಗಾವಾ ಅವರಿಗೆ 1987ರಲ್ಲಿ ನೊಬೆಲ್ ಬಂತು. ದಡಾರದ ಈ ಒಂದು ಚೂರಿಗೆ ಸರಿಯಾಗಿ ಕೂರುವ ಕೈ ಲಕ್ಷಕ್ಕೆ ಒಂದು. ಕೆಲವೊಮ್ಮೆ ಹತ್ತು ಲಕ್ಷಕ್ಕೆ ಒಂದು.

ಹುಡುಕಾಟ ಶುರು. ಮುಟ್ಟಿತು, ಕೂರಲಿಲ್ಲ, ಬಿಟ್ಟಿತು. ಮುಟ್ಟಿತು, ಬಿಟ್ಟಿತು. ಸಾವಿರ ಸಲ ಮುಟ್ಟಿತು, ಸಾವಿರ ಸಲ ಬಿಟ್ಟಿತು.

ಹೊರಗೆ ಅದೇ ಓಣಿಯಲ್ಲಿ ಒಬ್ಬ ನೇಕಾರ ಕೊಂಡಿ ಹಾಕುತ್ತ ಕೂತಿದ್ದಾನೆ. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಎಳೆಗೆ ಸೆರಗಿನ ಎಳೆ ಹುಡುಕಿ ಕೊಂಡಿಗೆ ಕೊಂಡಿ ಸಿಕ್ಕಿಸಬೇಕು. ಸಾವಿರಾರು ಎಳೆ. ಒಂದು ತಪ್ಪಿದರೂ ಸೆರಗು ನಿಲ್ಲದು. ಅವಸರ ನಡೆಯದ ಕೆಲಸ.

ಒಳಗೂ ಕೊಂಡಿ ಬಿತ್ತು!

ಆ ಒಂದು ಟಿ ಕೋಶ ನಡುಗಿತು, ಊದಿತು, ಇಬ್ಭಾಗವಾಯಿತು. ಎರಡು, ನಾಲ್ಕು, ಎಂಟು. ದಿನಕ್ಕೆ ಎರಡು ಮೂರು ಸಲ ದುಪ್ಪಟ್ಟು. ವಾರದೊಳಗೆ ಒಂದು ಸಾವಿರಗಟ್ಟಲೆಯಾಯಿತು. ಹೀಗೆ ಕೊಂಡಿ ಬಿದ್ದ ಟಿ ಕೋಶಗಳಲ್ಲಿ ಒಂದು ಪಂಗಡ ಸೋಂಕಿತ ಕೋಶಗಳನ್ನು ಬೇಟೆಯಾಡಿ ಕೊಲ್ಲಲು ಹೊರಟಿತು. ಇನ್ನೊಂದು ಪಂಗಡ ಬಿ ಕೋಶಗಳ ಬಾಗಿಲು ಬಡಿಯಿತು. ಬಿ ಕೋಶಗಳು ಗ್ರಂಥಿಯೊಳಗೇ ಗರಡಿ ತೆರೆದವು. ತಮ್ಮ ಜೀನುಗಳನ್ನು ತಾವೇ ತಿದ್ದಿ ತಿದ್ದಿ ಹಿಡಿತ ಪರೀಕ್ಷಿಸಿದವು. ಹಿಡಿತ ಸಡಿಲವಾದದ್ದು ಸತ್ತಿತು, ಬಿಗಿಯಾದದ್ದು ಉಳಿಯಿತು. ಉಳಿದವು ಪ್ರತಿಕಾಯದ ಕಾರ್ಖಾನೆಗಳಾದವು. ಒಂದೊಂದು ಕೋಶ ಸೆಕೆಂಡಿಗೆ ಸಾವಿರಗಟ್ಟಲೆ ಪ್ರತಿಕಾಯ ಉಗುಳತೊಡಗಿತು.

ಇಷ್ಟೆಲ್ಲ ನಡೆಯುವಾಗ ಕುಲುಮೆಯ ಕಾವು ಹೊರಗೆ ಬಾರದೆ ಇರುತ್ತದೆಯೆ?

ಎಂಟನೇ ರಾತ್ರಿ ಫೋನು ರಿಂಗಾಯಿತು.

* * *

“ಅಕ್ಕಾರ, ಕೂಸಿಗೆ ಜ್ವರ ಬಂದಾವ್ರಿ! ಮೈ ಕೆಂಡ ಆಗೇತಿ. ಆಯಿ ಅಳಾಕತ್ಯಾರ.”

ನರ್ಸಬಾಯಿ ಎದ್ದು ಕೂತರು. ಬಿರಬಿರನೆ ಕೇಳಿದರು. ಹಾಲು ಕುಡಿಯುತ್ತೋ? ಕಣ್ಣು ಬಿಟ್ಟು ನೋಡುತ್ತೋ? ಉಸಿರು ಸರಾಗ ಐತೋ? ಫಿಟ್ಸ್ ಬಂತೋ? ಚುಚ್ಚಿದ ಜಾಗ ಕೀವಾಗಿಲ್ಲವಷ್ಟೆ?

ಒಂದೊಂದಕ್ಕೂ ಉತ್ತರ ಬಂತು. ಕುಡಿಯುತ್ತದೆ. ನೋಡುತ್ತದೆ. ಉಸಿರು ಸರಾಗ. ಫಿಟ್ಸ್ ಇಲ್ಲ. ಕೀವಿಲ್ಲ.

“ತೂಕದ ಲೆಕ್ಕದಾಗ ಕೊಟ್ಟ ಜ್ವರದ ಔಷಧ ಹಾಕ್ರಿ. ಮೈ ಒರಸರಿ, ಹಾಲು ಬಿಡಬ್ಯಾಡ್ರಿ. ಉಸಿರು ಜೋರಾದ್ರ, ಕೂಸು ಮಂಕಾದ್ರ ತಡಾ ಮಾಡದ ದವಾಖಾನಿಗೆ ಬರ್ರಿ. ನಾ ಮುಂಜಾನಿ ಬರ್ತೀನಿ. ಆಯಿಗೆ ಹೇಳ್ರಿ, ಒಳಗ ಕೆಲಸ ನಡದೈತಿ.”

ಒಳಗೆ ಕೆಲಸ ನಡೆದಿತ್ತು. ಈ ಲಸಿಕೆಯ ಜ್ವರ ಬರುವುದೇ ಏಳರಿಂದ ಹನ್ನೆರಡನೇ ದಿನದೊಳಗೆ, ಅದೂ ನೂರರಲ್ಲಿ ಐದರಿಂದ ಹದಿನೈದು ಮಕ್ಕಳಿಗೆ. ಕಾವೇರಿದ ಮೈಯಲ್ಲಿ ಸೈನಿಕರ ಓಟ ಚುರುಕಾಗುತ್ತದೆ. ಆಯಿ ರಾತ್ರಿಯಿಡೀ ಒದ್ದೆ ಬಟ್ಟೆ ಹಿಡಿದು ಕೂತರು. ಬೆಳಗಿನ ಜಾವ ಕೂಸು ಬೆವರಿತು. ಮೈ ತಣ್ಣಗಾಯಿತು. ಮೊಲೆಗೆ ಬಾಯಿ ಹಾಕಿತು.

ಗೆದ್ದರು. ಆದರೆ ಲಸಿಕೆ ಇಲ್ಲದೆ ನಿಜವಾದ ದಡಾರವೇ ಮೊದಲು ಬಂದಿದ್ದರೆ?

ಕೆಮ್ಮಿದ ರೋಗಿ ಎದ್ದುಹೋದ ಮೇಲೂ ಎರಡು ತಾಸು ಆ ಕೋಣೆಯ ಗಾಳಿಯಲ್ಲಿ ವೈರಾಣು ತೇಲುತ್ತದೆ. ರಕ್ಷಣೆಯಿಲ್ಲದ ಹತ್ತು ಮಂದಿ ಸಂಪರ್ಕಕ್ಕೆ ಬಂದರೆ ಒಂಬತ್ತು ಮಂದಿ ಬೀಳುತ್ತಾರೆ. ದದ್ದು ಏಳುವ ನಾಲ್ಕು ದಿನ ಮೊದಲೇ ಸೋಂಕು ಹಬ್ಬಲು ಶುರು, ಗುರುತೂ ಸಿಗದು. ನ್ಯುಮೋನಿಯಾ, ಭೇದಿ, ಕುರುಡು, ಮಿದುಳಿನ ಉರಿ, ಸಾವು. ಬದುಕುಳಿದರೆ? ಆಗಲೂ ಕಳವು ಮುಗಿಯುವುದಿಲ್ಲ. ಕಾವಲುಗಾರರ ಬೆನ್ನೇರಿ ಒಳಗೆ ಹೋದ ವಾತಾಪಿ ನೆನಪಿನ ಕೋಶಗಳ ಹೊಟ್ಟೆಯನ್ನೂ ಹೊಕ್ಕಿರುತ್ತಾನೆ. ಹೊರಬರುವಾಗ ಆ ನೆನಪುಗಳನ್ನೇ ಸೀಳಿರುತ್ತಾನೆ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನ ಲಸಿಕೆ ಪಡೆಯದ ಮಕ್ಕಳ ರಕ್ತವನ್ನು ದಡಾರಕ್ಕೆ ಮುಂಚೆ, ಆಮೇಲೆ ಅಳೆದು ನೋಡಿತು. ಬೇರೆ ಬೇರೆ ರೋಗಗಳ ವಿರುದ್ಧ ಅವರು ಕೂಡಿಟ್ಟಿದ್ದ ಪ್ರತಿಕಾಯಗಳ ಬಗೆಗಳಲ್ಲಿ ನೂರಕ್ಕೆ 11ರಿಂದ 73ರಷ್ಟು ಅಳಿಸಿಹೋಗಿದ್ದವು.

ಮೈ ಗೆದ್ದಿರುತ್ತದೆ, ಆದರೆ ತನ್ನ ಹಳೆಯ ಗೆಲುವುಗಳಲ್ಲಿ ಎಷ್ಟನ್ನೋ ಮರೆತಿರುತ್ತದೆ. ಮುಂದಿನ ಎರಡು ಮೂರು ವರ್ಷ ಎಷ್ಟೋ ಹಳೆಯ ನೆಗಡಿ, ಭೇದಿ ಅದಕ್ಕೆ ಹೊಸ ಶತ್ರು.

ನೆನಪೇ ಕೋಟೆ. ಅದು ಎಷ್ಟು ಕಾಲ ನಿಲ್ಲುತ್ತದೆ?

* * *

ಉತ್ತರ ಅಟ್ಲಾಂಟಿಕ್ಕಿನ ಫೆರೋ ದ್ವೀಪಗಳು. 1781ರಲ್ಲಿ ದಡಾರ ಬಂದುಹೋಯಿತು. ಆಮೇಲೆ 65 ವರ್ಷ ಸುಳಿವಿಲ್ಲ. 1846ರಲ್ಲಿ ಒಂದು ಹಡಗಿನೊಂದಿಗೆ ಮತ್ತೆ ಇಳಿಯಿತು. ಎಂಟು ಸಾವಿರಕ್ಕೂ ಕಡಿಮೆ ಜನರಿದ್ದ ದ್ವೀಪಗಳಲ್ಲಿ ಸುಮಾರು ಆರು ಸಾವಿರ ಮಂದಿ ಮಲಗಿದರು. ಡೆನ್ಮಾರ್ಕಿನ ಪೀಟರ್ ಪಾನುಮ್ ಎಂಬ ಇಪ್ಪತ್ತೈದು ವರ್ಷದ ವೈದ್ಯ ದೋಣಿ ಏರಿ ಹಳ್ಳಿಹಳ್ಳಿ ಅಲೆದ. ಮನೆಮನೆಯ ಲೆಕ್ಕ ಬರೆದ. ಎಲ್ಲರೂ ಮಲಗಿದ ಮನೆಗಳಲ್ಲಿ ಕೆಲವು ಮುದುಕರು ಮಾತ್ರ ಎದ್ದು ಓಡಾಡುತ್ತಿದ್ದರು. ಯಾರವರು? 1781ರಲ್ಲಿ ಮಕ್ಕಳಾಗಿ ದಡಾರ ಗೆದ್ದವರು! 65 ವರ್ಷವಾದರೂ ಅವರ ಮೈ ಶತ್ರುವಿನ ಮುಖ ಮರೆತಿರಲಿಲ್ಲ.

ಆ ನೆನಪನ್ನು ರೋಗದ ಬೆಲೆ ತೆರದೆ ಗಳಿಸುವ ಹಟವೇ ಲಸಿಕೆಯ ಚರಿತ್ರೆ. ಪ್ಲೇಗಿನ ಕಾಲ. 1897ರ ಜನವರಿ 10. ಮುಂಬಯಿಯಲ್ಲಿ ವಾಲ್ಡೆಮಾರ್ ಹಾಫ್‌ಕಿನ್ ತಾನೇ ತಯಾರಿಸಿದ ಪ್ಲೇಗ್ ಲಸಿಕೆಯನ್ನು ಮೊದಲು ತನ್ನ ಮೈಗೆ ಚುಚ್ಚಿಸಿಕೊಂಡ. ಜ್ವರದಲ್ಲಿ ನರಳಿದ. ಎದ್ದು ನಿಂತ. ಮರುವರ್ಷ ಪ್ಲೇಗು ಹುಬ್ಬಳ್ಳಿಯನ್ನು ಮುತ್ತಿತು. ಹುಬ್ಬಳ್ಳಿಯಿಂದ ಗದಗ, ಬಾದಾಮಿ, ಬಾಗಲಕೋಟೆಗೆ ರೈಲುಹಳಿ ಆಗಲೇ ಬಿದ್ದಿತ್ತು. ಗಾಡಿ ಏರಿದರೆ ಸಾವು ಅರ್ಧ ದಿನದ ದಾರಿ. ಊರವರು ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದರು. ಆ ಹುಬ್ಬಳ್ಳಿಯಲ್ಲೇ ಹತ್ತಾರು ಸಾವಿರ ಜನ ಸಾಲುಗಟ್ಟಿ ಹಾಫ್‌ಕಿನ್ ಲಸಿಕೆಗೆ ತೋಳು ಕೊಟ್ಟರು. ಚುಚ್ಚಿಸಿಕೊಂಡವರಲ್ಲಿ ಸಾವು ಗಣನೀಯವಾಗಿ ಇಳಿಯಿತು.

2017ರ ಫೆಬ್ರುವರಿಯಲ್ಲಿ ಕರ್ನಾಟಕ ಮತ್ತೆ ತೋಳು ಚಾಚಿತು. ಒಂಬತ್ತು ತಿಂಗಳಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆಲ್ಲ ದಡಾರ–ರುಬೆಲ್ಲಾ ಲಸಿಕೆಯ ಮಹಾ ಅಭಿಯಾನ. ದೇಶದಲ್ಲಿ ಮೊದಲು ಹೊರಟ ರಾಜ್ಯಗಳಲ್ಲಿ ನಮ್ಮದೂ ಒಂದು. ಶಾಲೆಯ ಪಡಸಾಲೆಯಲ್ಲಿ ಸಾಲು, ಅಂಗನವಾಡಿಯಲ್ಲಿ ಸಾಲು, ಎಲ್ಲೆಡೆ ಅದೇ ನೀಲಿ ಪೆಟ್ಟಿಗೆ, ಅದೇ ‘ಗುಳಕ್’. ದಡಾರವನ್ನು ತಡೆಯಬೇಕಾದರೆ ನೂರಕ್ಕೆ ತೊಂಬತ್ತೈದು ಮಕ್ಕಳಲ್ಲಿ ಕಾವಲಿರಬೇಕು. ಐದಕ್ಕಿಂತ ಹೆಚ್ಚು ಬಾಗಿಲು ತೆರೆದಿದ್ದರೆ ಅವನು ನುಗ್ಗುತ್ತಾನೆ.

ಮೊದಲ ಚುಚ್ಚಿನಲ್ಲಿ ಗುರಿ ತಪ್ಪಿದ ಆ ಹದಿನೈದು ಕೂಸುಗಳು? ಅವಕ್ಕಾಗಿಯೇ ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳೊಳಗೆ ಎರಡನೇ ಡೋಸು. ಡಿಸೆಂಬರಿನ ಒಂದು ಗುರುವಾರ ಆಯಿ ತಾವೇ ಕೂಸನ್ನು ಎತ್ತಿಕೊಂಡು ಬಂದರು. ಸಾಲಿನಲ್ಲಿ ಮೊದಲು ನಿಂತರು. ಬಗಲಲ್ಲಿ ತಾಯಿ ಕಾರ್ಡು.

“ಹಿಡಿಯವಾ ತಂಗಿ. ಜ್ವರ ಬಂದ್ರ ಬರಲಿ, ನಾ ಅದೀನಿ.”

* * *

ಜನವರಿ. ಬಾದಾಮಿಯ ಮಗ್ಗುಲಲ್ಲಿ ಬನಶಂಕರಿ ಜಾತ್ರೆ. ತೇರಿನ ಹಗ್ಗ, ನಾಟಕದ ಟೆಂಟು, ಧೂಳು, ಜನಸಾಗರ. ಆಯಿಯ ಹೆಗಲ ಮೇಲೆ ಹದಿನೆಂಟು ತಿಂಗಳ ಕೂಸು.

ಮೂರು ಮಾರು ದೂರದಲ್ಲಿ ಯಾರದೋ ಮಗು ಕೆಮ್ಮಿತು. ಕಣ್ಣು ಕೆಂಪು. ದದ್ದು ಇನ್ನೂ ಎದ್ದಿಲ್ಲ. ಕೆಮ್ಮು ಗಾಳಿಗೆ ಏರಿತು, ತೇಲಿತು, ನಮ್ಮ ಕೂಸಿನ ಮೂಗಿನ ಹತ್ತಿರ ಬಂತು. ಕೂಸು ಉಸಿರೆಳೆಯಿತು.

ವಾತಾಪಿ ಹೊಕ್ಕ.

ಈ ಸಲ ಹಲ್ಲು ಕಿತ್ತವನಲ್ಲ, ನಿಜವಾದವನು. ಹಳೆಯ ದಾರಿಯಲ್ಲೇ ಇಳಿದ. ಕಾವಲು ಕೋಶದ ಬಾಗಿಲಿಗೆ ಕೈಯಿಟ್ಟ. ಇಟ್ಟ ಕೈ ಮೇಲೇಳಲಿಲ್ಲ. ರಕ್ತದಲ್ಲಿ, ಶ್ವಾಸಕೋಶದ ತೇವದಲ್ಲಿ ಕಾದಿದ್ದ ಪ್ರತಿಕಾಯಗಳು ಮೈತುಂಬ ಮುತ್ತಿಕೊಂಡಿದ್ದವು. ಬಾಗಿಲಿಗೆ ತಾಗಬೇಕಾದ ಕೀಲಿಯನ್ನೇ ಹಿಡಿದು ಮುಚ್ಚಿದ್ದವು. ಎರಡು ಮೂರು ವೈರಾಣು ನುಸುಳಿದವು. ನೆನಪಿನ ಟಿ ಕೋಶಗಳಿಗೆ ಈಗ ಹುಡುಕಾಟ ಬೇಕಿಲ್ಲ, ಗರಡಿ ಬೇಕಿಲ್ಲ, ವಾರ ಬೇಕಿಲ್ಲ. ಮುಖ ಗೊತ್ತು. ನುಸುಳಿದವರನ್ನು ಅಡಗಿದ ಮನೆಯಲ್ಲೇ ಮುಗಿಸಿದವು. ಮುತ್ತಿಗೆಗೆ ಸಿಕ್ಕವರನ್ನು ಭಕ್ಷಕ ಕೋಶಗಳು ಇಡಿಯಾಗಿ ನುಂಗಿದವು.

ಕೊನೆಗೆ ಇಲ್ವಲನ ಅತಿಥಿಯಾಗಿ ಬಂದ ಅಗಸ್ತ್ಯ ಮುನಿಗಳು ವಾತಾಪಿಯನ್ನು ನುಂಗಿದ್ದೂ ಹೀಗೆಯೇ. ಅವರಿಗಿಂತ ಮೊದಲು ಉಂಡವರಿಗೆ ಹಸಿವಿತ್ತು, ಅರಗಿಸುವ ಬೆಂಕಿಯೂ ಇತ್ತು, ಎಲೆಯ ಮೇಲಿರುವವನು ಯಾರೆಂಬುದು ಮಾತ್ರ ಗೊತ್ತಿರಲಿಲ್ಲ. ಅಗಸ್ತ್ಯರಿಗೆ ಗೊತ್ತಿತ್ತು. ಉಂಡರು, ಹೊಟ್ಟೆ ಸವರಿಕೊಂಡರು, ಜೀರ್ಣವಾಗು ಅಂದರು.

ಜಾತ್ರೆಯ ಬಯಲಿನಲ್ಲಿ ಬುತ್ತಿ ಬಿಚ್ಚಿತು. ಸಜ್ಜಿ ರೊಟ್ಟಿ, ಕೆಂಪು ಚಟ್ನಿ, ಕುಡಿಕೆಯ ಗಟ್ಟಿ ಮೊಸರು. ಆಯಿ ರೊಟ್ಟಿಯನ್ನು ಮೊಸರಿನಲ್ಲಿ ಮೆತ್ತಗೆ ಕಿವುಚಿ ಉಣಿಸಿದರು. ಕೂಸು ಉಂಡಿತು, ಇನ್ನಷ್ಟು ಕೇಳಿತು. ಒಂದು ದಿನ ಕಳೆಯಿತು, ಹತ್ತು ದಿನ ಕಳೆದವು, ಹದಿನಾಲ್ಕು ಕಳೆದವು. ಜ್ವರವಿಲ್ಲ. ದದ್ದಿಲ್ಲ. ಎಂಥ ಯುದ್ಧ ನಡೆದು ಮುಗಿಯಿತೆಂದು ಆ ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ.

ಇಳಕಲ್ಲಿನಲ್ಲಿ ಮಗ್ಗ ಟಕಟಕ ಅನ್ನುತ್ತಿತ್ತು. ಹುನಗುಂದದಲ್ಲಿ ನರ್ಸಬಾಯಿ ಖಾಲಿ ಪೆಟ್ಟಿಗೆ ಒರೆಸಿ, ಐಸ್ ಪ್ಯಾಕುಗಳಿಗೆ ಗೆರೆಯವರೆಗೆ ನೀರು ತುಂಬಿ ಫ್ರೀಜರಿಗೆ ಇಳಿಸುತ್ತಿದ್ದರು. ನಾಳೆ ಗುರುವಾರ.

ಬಾದಾಮಿಯ ಕೆಂಪು ಬಂಡೆಗಳ ನಡುವೆ, ಅಗಸ್ತ್ಯತೀರ್ಥದ ದಂಡೆಯಲ್ಲಿ ನಿಂತು ಇಲ್ವಲ ಕೂಗುತ್ತಾನೆ: ವಾತಾಪಿ, ಹೊರಗೆ ಬಾ!

ಆಯಿಯ ಹೆಗಲ ಮೇಲೆ ಕೂಸು ಒಂದು ದೊಡ್ಡ ತೇಗು ತೇಗಿ ನಿದ್ದೆಹೋಯಿತು.